ಮೆಗಾವಾಟಿನ ಪಕ್ಕದಲ್ಲಿ ಒತ್ತಡದ ಅಂಕಿಯೂ ಇರಲಿ

ಮಾನ್ಯ ಸಂಪಾದಕರೇ,

ಹಸಿರು ಜಲಜನಕದ, ಅಂದರೆ ಸೌರ, ಪವನದಂಥ ಮೂಲಗಳ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆಯುವ ಜಲಜನಕದ ಕುರಿತು ಕನ್ನಡ ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಕೆಲವು ವರ್ಷಗಳಿಂದ ಕತ್ತರಿಸಿ ಒಂದು ಫೈಲಿನಲ್ಲಿ ಇಡುತ್ತ ಬಂದಿದ್ದೇನೆ. ಮೊನ್ನೆ ಆ ಫೈಲನ್ನು ಮೊದಲಿನಿಂದ ತಿರುವಿ ನೋಡಿದೆ. ಎಷ್ಟು ಕೋಟಿ ಹೂಡಿಕೆ, ಎಷ್ಟು ಮೆಗಾವಾಟ್, ಎಷ್ಟು ಟನ್ ಉತ್ಪಾದನೆ, ಎಷ್ಟು ಜನರಿಗೆ ಕೆಲಸ ಎಂಬ ವಿವರಗಳು ಹೆಚ್ಚುಕಡಿಮೆ ಎಲ್ಲದರಲ್ಲೂ ಇವೆ. ನೀರನ್ನು ಒಡೆಯುವ ಯಂತ್ರದಿಂದ ಅನಿಲ ಎಷ್ಟು ಒತ್ತಡದಲ್ಲಿ ಹೊರಗೆ ಬರುತ್ತದೆ, ವಿದ್ಯುತ್ ಪೂರೈಕೆ ಇಳಿದ ಹೊತ್ತಿನಲ್ಲಿ ಅದರ ಶುದ್ಧತೆ ಏನಾಗುತ್ತದೆ ಎಂಬ ಎರಡು ವಿವರಗಳು ಮಾತ್ರ ಒಂದರಲ್ಲೂ ಇಲ್ಲ. ಈ ಉದ್ಯಮದ ಏಳುಬೀಳು ನಿಂತಿರುವುದೇ ಆ ಎರಡರ ಮೇಲೆ ಎಂಬುದು ನನ್ನ ತಿಳಿವಳಿಕೆಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ತುಸು ಉದ್ದವಾಗಿದೆ, ಆದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ವಿಜ್ಞಾನಿಯಲ್ಲ. 1980ರ ದಶಕದಲ್ಲಿ ಒಂದು ವನಸ್ಪತಿ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವನು. ಎಣ್ಣೆಯನ್ನು ಗಟ್ಟಿ ಮಾಡಲು ಜಲಜನಕ ಬೇಕು. ಆ ಕಾಲದ ಹಲವು ವನಸ್ಪತಿ ಕಾರ್ಖಾನೆಗಳು ಅದನ್ನು ತಮ್ಮ ಆವರಣದಲ್ಲೇ ನೀರಿನ ವಿದ್ಯುದ್ವಿಭಜನೆಯಿಂದ ತಯಾರಿಸಿಕೊಳ್ಳುತ್ತಿದ್ದವು. ಹೀಗಾಗಿ ಇಂದು ಭವಿಷ್ಯದ ತಂತ್ರಜ್ಞಾನ ಎಂದು ಬಣ್ಣಿಸಲಾಗುವ ಎಲೆಕ್ಟ್ರೋಲೈಸರಿನ, ಅಂದರೆ ನೀರನ್ನು ಒಡೆಯುವ ಆ ಯಂತ್ರದ ಪಕ್ಕದಲ್ಲಿ ನಾನು ಎಷ್ಟೋ ರಾತ್ರಿ ಪಾಳಿಗಳನ್ನು ಕಳೆದಿದ್ದೇನೆ. ಉದ್ದನೆಯ ಟೈ ರಾಡುಗಳಿಂದ ಬಿಗಿದ ಉಕ್ಕಿನ ತಟ್ಟೆಗಳ ಸಾಲು, ನಡುನಡುವೆ ಕಲ್ನಾರಿನ ಬಟ್ಟೆಯ ಡಯಾಫ್ರಮ್, ಒಳಗೆ ಕಾಸ್ಟಿಕ್ ಪೊಟ್ಯಾಷ್ ದ್ರಾವಣ. ಅದನ್ನು ನಾವು ಲೈ ಎನ್ನುತ್ತಿದ್ದೆವು. ಕಟ್ಟಡದ ಹಿಂದೆ, ನೀರಿನಲ್ಲಿ ಬೋರಲು ಹಾಕಿದ ಭಾರಿ ಕೊಳಗದಂತೆ ಏರಿಳಿಯುವ ಗ್ಯಾಸ್ ಹೋಲ್ಡರ್. ಅದರಾಚೆ ಕಂಪ್ರೆಸರ್ ಕೋಣೆ. ಎಲೆಕ್ಟ್ರೋಲೈಸರ್ ತನ್ನ ಪಾಡಿಗೆ ತಾನು ಸದ್ದಿಲ್ಲದೆ ನಡೆಯುತ್ತಿತ್ತು. ನಮ್ಮ ನಿದ್ದೆ ಕೆಡಿಸುತ್ತಿದ್ದದ್ದು ಕಂಪ್ರೆಸರ್. ಇಂದು ವಾಲ್ವ್ ಪ್ಲೇಟ್ ಮುರಿಯಿತು, ನಾಳೆ ಪಿಸ್ಟನ್ ರಿಂಗ್ ಸವೆಯಿತು, ನಾಡಿದ್ದು ಗ್ಲ್ಯಾಂಡ್ ಪ್ಯಾಕಿಂಗ್ ಸೋರಿತು ಎಂದು ವರ್ಷವಿಡೀ ಅದರ ಸೇವೆಯೇ ಆಗುತ್ತಿತ್ತು. ಜಲಜನಕದ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಸೋರಿಕೆಯ ಅನುಮಾನ ಬಂದಾಗ ನಮ್ಮ ಹಿರಿಯ ಫಿಟ್ಟರ್ ಒಬ್ಬರು ತೆಂಗಿನಕಡ್ಡಿಯ ಪೊರಕೆಯನ್ನು ಕೈ ಉದ್ದಕ್ಕೂ ಮುಂದೆ ಚಾಚಿಕೊಂಡೇ ಆ ಕೋಣೆಯೊಳಗೆ ಹೆಜ್ಜೆ ಇಡುತ್ತಿದ್ದರು. ಕಡ್ಡಿಯ ತುದಿ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುತ್ತಿತ್ತು. ಸೋಪು ನೀರು ಹಚ್ಚಿ ಗುಳ್ಳೆ ನೋಡುವ ಕೆಲಸ ಅದರ ನಂತರದ್ದು.

ಇಷ್ಟು ಹೇಳಿದ್ದು ಏಕೆಂದರೆ, ಕಂಪ್ರೆಸರನ್ನು ಚಿಕ್ಕದು ಮಾಡುವುದು ಅಥವಾ ಪೂರ್ತಿ ಇಲ್ಲವಾಗಿಸುವುದು ಎಂಬ ಆಸೆಯೇ ಅಧಿಕ ಒತ್ತಡದ ವಿದ್ಯುದ್ರಾಸಾಯನಿಕ ಕೋಶಗಳ (ಎಲೆಕ್ಟ್ರೋಲೈಸರ್ ಎಂದರೆ ಅಂಥ ಕೋಶಗಳ ಸಾಲು) ಹಿಂದಿರುವ ಮುಖ್ಯ ಪ್ರೇರಣೆ. ಅದರ ಲೆಕ್ಕ ಕಷ್ಟದ್ದೇನಲ್ಲ. ವಾತಾವರಣದ ಒತ್ತಡದಲ್ಲಿ ಒಂದು ಕಿಲೋ ಜಲಜನಕ ಸುಮಾರು 12 ಘನ ಮೀಟರ್ ಜಾಗ ಹಿಡಿಯುತ್ತದೆ, ಅಂದರೆ ಒಂದು ಪುಟ್ಟ ಅಡುಗೆಮನೆ ತುಂಬುವಷ್ಟು. ಅದನ್ನು ಒತ್ತದೆ ಯಾರಿಗೂ ಉಪಯೋಗವಿಲ್ಲ. ನಮ್ಮ ಸಿಎನ್‌ಜಿ ಆಟೋಗಳ ಸಿಲಿಂಡರಿಗೆ ತುಂಬುವ ಒತ್ತಡ ಸುಮಾರು 200 ಬಾರ್; ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು. ಜಲಜನಕದ ಕಾರುಗಳ ತೊಟ್ಟಿಯಲ್ಲಿ ಅದು 700 ಬಾರ್. ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಾ ಮಾಡಬೇಕಾದರೆ 150 ಬಾರಿಗೂ ಮಿಗಿಲು. ಅನಿಲವನ್ನು ಒತ್ತಲು ಬೇಕಾಗುವ ಕನಿಷ್ಠ ಶಕ್ತಿ, ಒತ್ತಡ ಎಷ್ಟು ಬಾರ್ ಏರಿತು ಎಂಬುದನ್ನು ಅನುಸರಿಸುವುದಿಲ್ಲ. ಎಷ್ಟು ಪಟ್ಟು ಏರಿತು ಎಂಬುದನ್ನು ಅನುಸರಿಸುತ್ತದೆ. ಹಾಗಾಗಿ 1 ಬಾರಿನಿಂದ 30 ಬಾರಿಗೆ ಏರಿಸಲು ಕಿಲೋ ಒಂದಕ್ಕೆ ಕನಿಷ್ಠ 1.2 ಯೂನಿಟ್ ವಿದ್ಯುತ್ ಬೇಕಾದರೆ, 30ರಿಂದ 900 ಬಾರಿಗೆ ಏರಿಸಲು ಬೇಕಾಗುವುದೂ ಸರಿಸುಮಾರು ಅಷ್ಟೇ. ಮೊದಲ 30 ಬಾರ್ ಎಲೆಕ್ಟ್ರೋಲೈಸರಿನ ಒಳಗೇ ಸಿಕ್ಕಿಬಿಟ್ಟರೆ ಅರ್ಧ ದಾರಿ ಮುಗಿದಂತೆ. ಅದರಲ್ಲೂ ಆ ಮೊದಲ ಅರ್ಧದಲ್ಲಿ ಅನಿಲದ ಗಾತ್ರ ದೊಡ್ಡದಿರುವುದರಿಂದ ಕಂಪ್ರೆಸರಿನ ಸಿಲಿಂಡರುಗಳೂ ಆನೆಗಾತ್ರದವಾಗಿರಬೇಕಾಗುತ್ತದೆ. ನನ್ನ ರಾತ್ರಿಗಳನ್ನು ತಿಂದದ್ದು ಅವೇ.

ಇದು ಪುಕ್ಕಟೆಯಲ್ಲ ಎಂಬುದನ್ನೂ ಹೇಳಬೇಕು. ಒತ್ತಡದಲ್ಲಿ ನೀರನ್ನು ಒಡೆಯಲು ವೋಲ್ಟೇಜ್ ಸ್ವಲ್ಪ ಹೆಚ್ಚು ಬೇಕು. ಜಲಜನಕದ ಒತ್ತಡ ಹತ್ತು ಪಟ್ಟು ಏರಿದಾಗಲೆಲ್ಲ, ಕೋಣೆಯ ತಾಪಮಾನದಲ್ಲಿ, ಸುಮಾರು 30 ಮಿಲಿವೋಲ್ಟ್ ಹೆಚ್ಚುತ್ತದೆ. 30 ಬಾರಿಗೆ ಅದು 44 ಮಿಲಿವೋಲ್ಟ್. ಕೋಶವೊಂದು 1.8ರಿಂದ 2 ವೋಲ್ಟಿನಲ್ಲಿ ನಡೆಯುವಾಗ ಇದು ನೂರಕ್ಕೆ ಎರಡೂವರೆಗಿಂತ ಕಡಿಮೆ. ಕಂಪ್ರೆಸರ್ ಇದೇ ಕೆಲಸಕ್ಕೆ ಉಷ್ಣ, ಘರ್ಷಣೆ, ಸೋರಿಕೆ ಎಂದು ತೆಗೆದುಕೊಳ್ಳುವ ಸುಂಕವನ್ನು ನೋಡಿದವರಿಗೆ ಈ 44 ಮಿಲಿವೋಲ್ಟ್ ಅಗ್ಗವೆನಿಸುತ್ತದೆ. ಕಾಗದದ ಮೇಲೆ ಇಷ್ಟು ಲಾಭದಾಯಕವಾದದ್ದು ಎಲ್ಲೆಡೆ ಏಕೆ ನಡೆದಿಲ್ಲ ಎಂಬ ಪ್ರಶ್ನೆಗೆ ಉತ್ತರ ರಸಾಯನಶಾಸ್ತ್ರದಲ್ಲಿಲ್ಲ. ಗ್ಯಾಸ್ಕೆಟ್, ರಂಧ್ರ, ಬೋಲ್ಟುಗಳಲ್ಲಿದೆ. ಚರಿತ್ರೆಯೂ ಅದನ್ನೇ ಹೇಳುತ್ತದೆ.

ವೇಲ್ಸ್‌ನ ಸ್ವಾನ್ಸಿಯಲ್ಲಿ ಹುಟ್ಟಿದ, ವೃತ್ತಿಯಿಂದ ವಕೀಲರಾಗಿದ್ದ ವಿಲಿಯಂ ಗ್ರೋವ್ ಅವರು ಜಲಜನಕ ಮತ್ತು ಆಮ್ಲಜನಕಗಳನ್ನು ಸೇರಿಸಿ ವಿದ್ಯುತ್ ಪಡೆಯಬಹುದೆಂದು ತೋರಿಸಿದ್ದು 1839ರ ಹೊತ್ತಿಗೆ. ನೀರನ್ನು ಒಡೆಯುವ ಕ್ರಿಯೆಯನ್ನು ಹಿಂದುಮುಂದು ಮಾಡಿದರೆ ಇಂಧನ ಕೋಶ. ಅಷ್ಟು ಸರಳ ತತ್ವ ನೂರು ವರ್ಷ ಪ್ರಯೋಗಾಲಯದ ಗಾಜಿನ ನಳಿಕೆಗಳನ್ನು ಬಿಟ್ಟು ಹೊರಗೆ ಬರಲಿಲ್ಲ. ಅದನ್ನು ಹೊರಗೆ ತಂದ ಫ್ರಾನ್ಸಿಸ್ ಥಾಮಸ್ ಬೇಕನ್ ರಸಾಯನಶಾಸ್ತ್ರಜ್ಞರಲ್ಲ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಕೇಂಬ್ರಿಜ್‌ನಲ್ಲಿ ಯಂತ್ರಶಾಸ್ತ್ರ ಓದಿ, ನ್ಯೂಕ್ಯಾಸಲ್‌ನಲ್ಲಿ ಹಬೆಯ ಟರ್ಬೈನ್ ತಯಾರಿಸುತ್ತಿದ್ದ ಪಾರ್ಸನ್ಸ್ ಕಂಪನಿಯಲ್ಲಿ 1925ರಿಂದ ಕೆಲಸಕ್ಕಿದ್ದ ಅವರಿಗೆ 1932ರಲ್ಲಿ ಈ ಹುಚ್ಚು ಹಿಡಿಯಿತು. ಕಂಪನಿಯ ಆವರಣದಲ್ಲೇ ಗುಟ್ಟಾಗಿ ಪ್ರಯೋಗ ನಡೆಸಿ ಸಿಕ್ಕಿಬಿದ್ದರು. ಇದನ್ನು ಬಿಡಿ, ಇಲ್ಲವೇ ಕೆಲಸ ಬಿಡಿ ಎಂಬ ಮಾತು ಬಂದಾಗ ಕೆಲಸವನ್ನೇ ಬಿಟ್ಟರು. 1940ರಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, 1946ರಿಂದ ಕೇಂಬ್ರಿಜ್‌ನಲ್ಲಿ ಅದೇ ಧ್ಯಾನ.

ಅವರು ಒತ್ತಡಕ್ಕೆ ಬಂದು ಸೇರಿದ ಬಗೆ ಒಂದು ಸರಪಳಿಯಂತಿದೆ. ಕೋಶದೊಳಗಿನ ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಂ ದುಬಾರಿ, ಆದ್ದರಿಂದ ನಿಕ್ಕಲ್ ಬಳಸಬೇಕು. ನಿಕ್ಕಲ್ ತಣ್ಣಗಿದ್ದಾಗ ಸೋಮಾರಿ, ಆದ್ದರಿಂದ ಕೋಶವನ್ನು 200 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಬೇಕು. ಅಷ್ಟು ಬಿಸಿಯಲ್ಲಿ ಪೊಟ್ಯಾಷ್ ದ್ರಾವಣದ ನೀರು ಕುದಿದು ಹೋಗುತ್ತದೆ, ಆದ್ದರಿಂದ ನಮ್ಮ ಪ್ರೆಷರ್ ಕುಕ್ಕರಿನ ಹಾಗೆ ಅದನ್ನು ಒತ್ತಿ ಹಿಡಿಯಬೇಕು. ಆದರೆ ಕುಕ್ಕರಿನಲ್ಲಿ ಹೊರಗಿನದ್ದಕ್ಕಿಂತ ಒಂದು ಬಾರ್ ಹೆಚ್ಚಿದ್ದರೆ, ಬೇಕನ್ನರ ಕೋಶದಲ್ಲಿ ಒತ್ತಡ 40 ಬಾರಿನ ಆಸುಪಾಸಿಗೆ ಹೋಗುತ್ತಿತ್ತು. ಒತ್ತಡ ಏರಿದ ಮೇಲೆ ಬಿಸಿ ಕ್ಷಾರ ಸಂದುಗೊಂದುಗಳನ್ನೆಲ್ಲ ತಿನ್ನತೊಡಗಿತು, ಆದ್ದರಿಂದ ಸೀಲುಗಳ ಸಮಸ್ಯೆ ಬಂತು. ಒಂದನ್ನು ಬಿಡಿಸಿದರೆ ಇನ್ನೊಂದು ಗಂಟು.

ಆ ಗಂಟುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದನ್ನು ಹತ್ತಿರದಿಂದ ನೋಡಬೇಕು. ಇಂಧನ ಕೋಶದಲ್ಲಿ ಅನಿಲ, ದ್ರವ ಮತ್ತು ಲೋಹ ಮೂರೂ ಒಂದೇ ಕಡೆ ಮುಟ್ಟಿಕೊಂಡರೆ ಮಾತ್ರ ಕ್ರಿಯೆ ನಡೆಯುತ್ತದೆ. ರಂಧ್ರಗಳಿರುವ ನಿಕ್ಕಲ್ ತಟ್ಟೆಯ ಒಂದು ಕಡೆ ಅನಿಲ, ಇನ್ನೊಂದು ಕಡೆ ದ್ರವ. ಅನಿಲದ ಒತ್ತಡ ಸ್ವಲ್ಪ ಹೆಚ್ಚಾದರೆ ಅದು ದ್ರವದೊಳಕ್ಕೆ ಗುಳ್ಳೆಗುಳ್ಳೆಯಾಗಿ ನುಗ್ಗುತ್ತದೆ. ಕಡಿಮೆಯಾದರೆ ದ್ರವ ಈಚೆಗೆ ಬಂದು ರಂಧ್ರಗಳನ್ನೆಲ್ಲ ಮುಳುಗಿಸುತ್ತದೆ. ಎರಡೂ ಕಡೆ ನಲವತ್ತು ಬಾರ್ ಇರುವಾಗ ಈ ಅಲ್ಪ ಅಂತರವನ್ನು ಕಾಯುವುದು ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಹಗ್ಗದ ಮೇಲೆ ನಡೆದ ಹಾಗೆ. ಬೇಕನ್ನರ ತಂಡ ಇದಕ್ಕೆ ಕಂಡುಕೊಂಡ ಉಪಾಯ ಎರಡು ಪದರದ ತಟ್ಟೆ: ಅನಿಲದ ಕಡೆ ದೊಡ್ಡ ರಂಧ್ರ, ದ್ರವದ ಕಡೆ ಸಣ್ಣ ರಂಧ್ರ. ದ್ರವದ ಮೇಲ್ಮೈ ಸೆಳೆತ ಸಣ್ಣ ರಂಧ್ರದಲ್ಲಿ ಬಲವಾಗಿಯೂ ದೊಡ್ಡ ರಂಧ್ರದಲ್ಲಿ ದುರ್ಬಲವಾಗಿಯೂ ಇರುವುದರಿಂದ, ಅನಿಲದ ಒತ್ತಡವನ್ನು ಇವೆರಡರ ನಡುವೆ ಎಲ್ಲಿ ಇಟ್ಟರೂ ದ್ರವದ ಅಂಚು ಆ ಎರಡು ಪದರಗಳು ಕೂಡುವ ಗೆರೆಯಲ್ಲೇ ನಿಲ್ಲುತ್ತದೆ. ಬತ್ತಿಯಲ್ಲಿ ಎಣ್ಣೆ ನಿಲ್ಲುವ ನಿಯಮವೇ ಇದು. ಆಮ್ಲಜನಕದ ಕಡೆಯ ನಿಕ್ಕಲ್ ತುಕ್ಕು ಹಿಡಿಯುವುದನ್ನು ತಡೆಯಲು ಅದನ್ನು ಲಿಥಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕಾಯಿಸುವ ಇನ್ನೊಂದು ಉಪಾಯ ಹುಡುಕಿದರು. 1959ರಲ್ಲಿ ನಲವತ್ತು ಕೋಶಗಳ, 5 ಕಿಲೋವಾಟಿನ ಘಟಕವನ್ನು ಸಾರ್ವಜನಿಕವಾಗಿ ತೋರಿಸಿದಾಗ ಅದರ ದಕ್ಷತೆ ಶೇ 60ರಷ್ಟಿತ್ತು. ಆರಂಭದಿಂದ ಅಲ್ಲಿಗೆ 27 ವರ್ಷ.

ಬೇಕನ್ನರ ಪೇಟೆಂಟುಗಳನ್ನು ಪಡೆದ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿ ಅಪೋಲೊ ನೌಕೆಗಳಿಗೆ ಇಂಧನ ಕೋಶ ಮಾಡಿಕೊಟ್ಟಿತು. ಚಂದ್ರನತ್ತ ಹೋದವರು ಕುಡಿದ ನೀರು ಆ ಕೋಶಗಳಲ್ಲೇ ಹುಟ್ಟಿದ್ದು. ಆದರೆ ಅಲ್ಲಿ ಒತ್ತಡವನ್ನು ಸುಮಾರು 4 ಬಾರಿಗೆ ಇಳಿಸಿದರು ಎಂಬುದನ್ನು ಗಮನಿಸಬೇಕು. ದ್ರಾವಣ ಕುದಿಯದಿರಲು ಒತ್ತಡದ ಬದಲು ಅದರ ಸಾಂದ್ರತೆಯನ್ನೇ ವಿಪರೀತ ಏರಿಸಿದರು. ಭಾರದ ಪಾತ್ರೆಗಳನ್ನು ಆಕಾಶಕ್ಕೆ ಹೊತ್ತೊಯ್ಯುವುದು ಯಾರಿಗೆ ಬೇಕು? ಒತ್ತಡ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಆರಿಸುವುದೂ ಎಂಜಿನಿಯರನ ಕೆಲಸವೇ.

ಇನ್ನು ನನ್ನ ಎರಡನೆಯ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಆತಂಕವಿರುವುದು ಇದರ ಬಗ್ಗೆ. ಎಲೆಕ್ಟ್ರೋಲೈಸರಿನಲ್ಲಿ ಜಲಜನಕ ಒಂದು ಕಡೆ, ಆಮ್ಲಜನಕ ಇನ್ನೊಂದು ಕಡೆ. ನಡುವೆ ತೆಳುವಾದ ಒಂದು ಪೊರೆ ಅಥವಾ ಡಯಾಫ್ರಮ್. ಯಾವ ಪೊರೆಯೂ ಪೂರ್ತಿ ಬಿಗಿಯಲ್ಲ. ಅನಿಲ ದ್ರವದಲ್ಲಿ ಕರಗಿ, ಪೊರೆಯ ಮೂಲಕ ಆ ಕಡೆಗೆ ಜಿನುಗುತ್ತಲೇ ಇರುತ್ತದೆ. ಒತ್ತಡ ಹೆಚ್ಚಿದಷ್ಟೂ ಕರಗುವುದು ಹೆಚ್ಚು, ಜಿನುಗುವುದೂ ಹೆಚ್ಚು. ಯಂತ್ರ ಪೂರ್ಣ ಭಾರದಲ್ಲಿ, ಅಂದರೆ ಪೂರ್ತಿ ಕರೆಂಟಿನಲ್ಲಿ ನಡೆಯುವಾಗ ಈ ಜಿನುಗು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಕಡೆ ಆಮ್ಲಜನಕವೂ ಧಾರಾಳವಾಗಿ ಹುಟ್ಟುತ್ತಿರುತ್ತದೆ. ಕರೆಂಟ್ ಇಳಿದಾಗ ಆಮ್ಲಜನಕದ ಉತ್ಪತ್ತಿ ಇಳಿಯುತ್ತದೆ, ಜಿನುಗು ಮಾತ್ರ ಇಳಿಯುವುದಿಲ್ಲ, ಏಕೆಂದರೆ ಅದು ನಿಂತಿರುವುದು ಕರೆಂಟಿನ ಮೇಲಲ್ಲ, ಒತ್ತಡದ ಮೇಲೆ. ನಲ್ಲಿ ಜೋರಾಗಿ ಬರುವಾಗ ಬಕೆಟ್ಟಿಗೆ ಹನಿಹನಿಯಾಗಿ ಬೀಳುವ ಚರಂಡಿ ನೀರು ಗೊತ್ತಾಗುವುದಿಲ್ಲ. ನಲ್ಲಿ ಸಣ್ಣಗಾದ ಮೇಲೆ ಬಕೆಟ್ಟೆಲ್ಲ ಕೊಳಕು. ಆಮ್ಲಜನಕದಲ್ಲಿ ಜಲಜನಕ ನೂರಕ್ಕೆ ನಾಲ್ಕರಷ್ಟಾದರೆ ಅದು ಹೊತ್ತಿಕೊಳ್ಳಬಲ್ಲ ಮಿಶ್ರಣ. ಅದಕ್ಕಾಗಿಯೇ ಎರಡು ದಾಟುವ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವಂತೆ ವ್ಯವಸ್ಥೆ ಮಾಡಿರುತ್ತಾರೆ.

ನಮ್ಮ ಕಾರ್ಖಾನೆಯಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಒಂದು ಮಳೆಗಾಲದ ರಾತ್ರಿ ಲೈನಿನ ವೋಲ್ಟೇಜ್ ಬಿದ್ದು, ಎಸಿ ಕರೆಂಟನ್ನು ಡಿಸಿ ಮಾಡಿಕೊಡುವ ರೆಕ್ಟಿಫೈಯರ್ ಕಾಲು ಭಾಗದಷ್ಟು ಕರೆಂಟನ್ನೂ ಸರಿಯಾಗಿ ಕೊಡದಿದ್ದಾಗ, ಬೆಳಗಿನ ಉತ್ಪಾದನೆ ತಪ್ಪಬಾರದೆಂಬ ಒತ್ತಾಯಕ್ಕೆ ಮಣಿದು ಯಂತ್ರವನ್ನು ಹಾಗೆಯೇ ನಡೆಸಿದೆವು. ನಾಲ್ಕು ಗಂಟೆಯ ಸುಮಾರಿಗೆ ಪಾಳಿಯ ಕೆಮಿಸ್ಟ್, ಅನಿಲದ ಶುದ್ಧತೆ ಅಳೆಯುವ ಗ್ಯಾಸ್ ಬ್ಯುರೆಟ್ಟಿನಲ್ಲಿ ಮಾದರಿ ತೆಗೆದು ನೋಡಿದವರು, ಎರಡನೆಯ ಬಾರಿ ನೋಡಲು ನಿಲ್ಲದೆ ಚಪ್ಪಲಿಯನ್ನೂ ಬಿಟ್ಟು ಓಡಿಹೋಗಿ ವೆಂಟ್ ವಾಲ್ವನ್ನು ತೆರೆದರು. ಏನೂ ಆಗಲಿಲ್ಲ. ಅಂದು ನಮ್ಮ ಕೋಶದಲ್ಲಿದ್ದದ್ದು ವಾತಾವರಣದ ಒತ್ತಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಮೂವತ್ತು ಬಾರ್ ಇದ್ದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ದಕ್ಷಿಣ ಕೊರಿಯಾದ ಗಾಂಗ್‌ನಂಗ್ ನಗರದಲ್ಲಿ 2019ರ ಮೇ 23ರಂದು ನಡೆದದ್ದು ಹೆಚ್ಚುಕಡಿಮೆ ಇದೇ ಕತೆಯ ಇನ್ನೊಂದು ಅಂತ್ಯ. ಸೌರ ವಿದ್ಯುತ್ತಿನಿಂದ ನೀರು ಒಡೆದು ಜಲಜನಕ ಸಂಗ್ರಹಿಸುವ ಸಂಶೋಧನಾ ಘಟಕದಲ್ಲಿ, ಯಂತ್ರವನ್ನು ಕಡಿಮೆ ವಿದ್ಯುತ್ತಿನಲ್ಲಿ ನಡೆಸಿದ್ದರಿಂದ ಜಲಜನಕದೊಳಗೆ ಆಮ್ಲಜನಕ ಸೇರುತ್ತ ಹೋಗಿ, ಅದನ್ನು ತೆಗೆಯಬೇಕಾದ ಉಪಕರಣವೂ ಇಲ್ಲದೆ, ಸಂಗ್ರಹದ ತೊಟ್ಟಿಗಳು ಸ್ಫೋಟಿಸಿ ಇಬ್ಬರು ಸತ್ತರು, ಆರು ಜನ ಗಾಯಗೊಂಡರು. ನಮ್ಮ ರಾಜ್ಯಕ್ಕೆ ಇದು ದೂರದ ಸುದ್ದಿ ಎನಿಸಬಾರದು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ; ಅಂಥ ಬಿಸಿಲಿನಿಂದ ಜಲಜನಕ ಮಾಡಬೇಕೆಂದು ಹೊರಟವರು ಬೆಳಗಿನ ಏಳು ಗಂಟೆ, ಸಂಜೆಯ ಐದೂವರೆ ಮತ್ತು ಆಷಾಢದ ಮೋಡ, ಈ ಮೂರನ್ನೂ ಯಂತ್ರದೊಳಕ್ಕೆ ಕರೆದುಕೊಂಡು ಬಂದಂತೆಯೇ. 1960ರ ದಶಕದ ಆರಂಭದಲ್ಲಿ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ಮಾಡಿದ ದೇಶ ನಮ್ಮದು. ಆದರೆ ಅಲ್ಲಿ ನದಿ ಹಗಲು ರಾತ್ರಿ ಹರಿಯುತ್ತಿತ್ತು.

ಈ ಜಿನುಗಿಗೆ ಪರಿಹಾರಗಳು ಬಂದಿವೆ, ಅವು ನಿಜಕ್ಕೂ ಮೆಚ್ಚಬೇಕಾದವು. ಕಲ್ನಾರಿನ ಜಾಗಕ್ಕೆ ಪಾಲಿಮರ್ ಮತ್ತು ಜಿರ್ಕೋನಿಯಂ ಆಕ್ಸೈಡ್ ಬೆರೆಸಿದ, ಅರ್ಧ ಮಿಲಿಮೀಟರ್ ದಪ್ಪದ ಡಯಾಫ್ರಮ್ ಬಂದಿದೆ. ಎರಡೂ ಕಡೆಯ ಲೈಯನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿ ಮತ್ತೆ ಒಳಗೆ ಬಿಡುವ ಹಳೆಯ ಪದ್ಧತಿಯಲ್ಲಿ ಕರಗಿದ ಅನಿಲವೂ ಬೆರೆತುಹೋಗುತ್ತಿತ್ತು. ಈಗ ಭಾರ ಇಳಿದಾಗ ಎರಡನ್ನೂ ಬೇರೆಬೇರೆಯಾಗಿ ತಿರುಗಿಸುವ ಏರ್ಪಾಟುಗಳಿವೆ. ಪಿಇಎಂ ಎಂದು ಕರೆಯುವ ಬಗೆಯ ಎಲೆಕ್ಟ್ರೋಲೈಸರಿನಲ್ಲಿ ದ್ರವ ಕ್ಷಾರವೇ ಇಲ್ಲ. ಪ್ರೋಟಾನುಗಳನ್ನು ಮಾತ್ರ ದಾಟಿಸುವ ಪ್ಲಾಸ್ಟಿಕ್ ಪೊರೆಯೇ ಎಲ್ಲ. ಅದರ ಜಲಜನಕದ ಕಡೆ 30 ಬಾರ್, ಆಮ್ಲಜನಕದ ಕಡೆ ಬರಿಯ ವಾತಾವರಣದ ಒತ್ತಡ ಇಟ್ಟು ನಡೆಸಬಹುದು. ಈ ಪೊರೆ ದಪ್ಪವಿದ್ದರೆ ವಿದ್ಯುತ್ ಪೋಲಾಗುತ್ತದೆ, ತೆಳುವಿದ್ದರೆ ಅನಿಲ ಜಿನುಗುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಪೊರೆ ಮಿಲಿಮೀಟರಿನ ಐದನೇ ಒಂದು ಭಾಗಕ್ಕೆ ಹತ್ತಿರ. ಈಗ ಅದನ್ನು ಅರ್ಧಕ್ಕೂ ಕಡಿಮೆ ಮಾಡಿ, ಒಳಗೆ ಪ್ಲಾಟಿನಂನ ಸೂಕ್ಷ್ಮ ಪದರವನ್ನು ಹುದುಗಿಸಿ, ಜಿನುಗಿ ಬಂದ ಜಲಜನಕವನ್ನು ದಾರಿಯಲ್ಲೇ ಆಮ್ಲಜನಕದೊಡನೆ ಸೇರಿಸಿ ನೀರು ಮಾಡಿಬಿಡುವ ಉಪಾಯ ಬಳಕೆಗೆ ಬರುತ್ತಿದೆ. ಕಳ್ಳನನ್ನು ಮನೆ ಬಾಗಿಲಲ್ಲಿ ಹಿಡಿಯುವ ಬದಲು ಓಣಿಯಲ್ಲೇ ಹಿಡಿದಂತೆ. ಇಂಥ ಪಿಇಎಂ ಯಂತ್ರಗಳನ್ನು ಬೆಂಗಳೂರಿನ ಆಸುಪಾಸಿನಲ್ಲೇ ತಯಾರಿಸಲು 2021ರಿಂದ ತೊಡಗಿದ್ದಾರೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಒತ್ತಡವನ್ನು ಕೋಶದೊಳಗೇ ತುತ್ತತುದಿಯವರೆಗೆ ಏರಿಸಿಬಿಟ್ಟರೆ ಹೇಗೆ? ಜಪಾನಿನ ಹೋಂಡಾ ಕಂಪನಿ ಅದನ್ನೂ ಮಾಡಿ ತೋರಿಸಿದೆ: 2012ರಲ್ಲಿ 350 ಬಾರ್, 2016ರಲ್ಲಿ 700 ಬಾರ್ ಒತ್ತಡದ ಜಲಜನಕವನ್ನು ಕಂಪ್ರೆಸರ್ ಇಲ್ಲದೆ ನೇರವಾಗಿ ಕೋಶದಿಂದಲೇ ಕೊಡುವ ಸಣ್ಣ ಕೇಂದ್ರಗಳನ್ನು ಅದು ನಿಲ್ಲಿಸಿತು. ಅದೇ ಪೊರೆಯನ್ನು ನೀರು ಒಡೆಯಲು ಬಳಸದೆ ಬರಿಯ ಪಂಪಿನಂತೆ ಬಳಸುವ ವಿದ್ಯುದ್ರಾಸಾಯನಿಕ ಕಂಪ್ರೆಸರ್ ಇನ್ನೂ ಚೆಂದದ ಯಂತ್ರ. ಒಂದು ಕಡೆ ಜಲಜನಕದ ಅಣು ಒಡೆದು ಪ್ರೋಟಾನ್ ಆಗುತ್ತದೆ, ವಿದ್ಯುತ್ ಅದನ್ನು ಪೊರೆಯ ಮೂಲಕ ಎಳೆದೊಯ್ಯುತ್ತದೆ, ಆ ಕಡೆ ಮತ್ತೆ ಅಣುವಾಗಿ ಒತ್ತಡದಲ್ಲಿ ಕೂಡಿಕೊಳ್ಳುತ್ತದೆ. ಪಿಸ್ಟನ್ ಇಲ್ಲ, ರಿಂಗ್ ಇಲ್ಲ, ಗ್ಲ್ಯಾಂಡ್ ಇಲ್ಲ. ಸಾವಿರ ಪಟ್ಟು ಒತ್ತಲು ಸಿದ್ಧಾಂತದ ಪ್ರಕಾರ ಬೇಕಾಗುವುದು 90 ಮಿಲಿವೋಲ್ಟಿನಷ್ಟು. ಓದಿದಾಗ ನನ್ನ ಹಳೆಯ ಕಂಪ್ರೆಸರ್ ಕೋಣೆ ನೆನಪಾಗಿ ಹೊಟ್ಟೆ ಉರಿಯಿತು. ಆದರೂ ನನ್ನ ಅಭಿಪ್ರಾಯ ಇಷ್ಟೇ: 700 ಬಾರಿನಲ್ಲಿ ಜಿನುಗೂ ಅದೇ ಪ್ರಮಾಣದಲ್ಲಿ ಏರುತ್ತದೆ, ಪೊರೆಯನ್ನು ಹಿಂದಿನಿಂದ ತಾಂಗಿ ಹಿಡಿಯುವ ಲೋಹದ ಜಾಲರಿಯ ಮೇಲಿನ ಹೊರೆಯೂ ಏರುತ್ತದೆ. ದೊಡ್ಡ ಘಟಕಗಳಿಗೆ 30 ಬಾರಿನ ಕೋಶ, ಅದರ ಮುಂದೆ ಒಂದು ಚಿಕ್ಕ ಕಂಪ್ರೆಸರ್ ಎಂಬ ಜೋಡಿಯೇ ಸದ್ಯಕ್ಕೆ ಲೇಸು.

ಇಂಧನ ಕೋಶದ ವಿಷಯದಲ್ಲಿ ಲೆಕ್ಕ ಬೇರೆ. ಒತ್ತಡ ಏರಿದರೆ ಅಲ್ಲಿಯೂ ವೋಲ್ಟೇಜ್ ಏರುತ್ತದೆ, ಆದರೆ ರಸ್ತೆಯ ಮೇಲೆ ಓಡುವ ವಾಹನ ಹೊರಗಿನ ಗಾಳಿಯನ್ನು ತಾನೇ ಒತ್ತಿ ಒಳಗೆ ಎಳೆದುಕೊಳ್ಳಬೇಕು, ಆ ಕಂಪ್ರೆಸರ್ ಕೋಶ ಕೊಟ್ಟ ವಿದ್ಯುತ್ತನ್ನೇ ತಿನ್ನುತ್ತದೆ. ಹೀಗಾಗಿ ಕಾರುಗಳಲ್ಲಿ ಒತ್ತಡ ಎರಡು ಮೂರು ಬಾರಿನ ಸುತ್ತಮುತ್ತ ನಿಂತಿದೆ. ಎರಡೂ ಅನಿಲಗಳನ್ನು ಸಿಲಿಂಡರಿನಲ್ಲೇ ಒಯ್ಯುವ ಕಡೆ ಈ ತೊಡಕಿಲ್ಲ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಕೂರಿಸಿದ್ದ ಇಂಧನ ಕೋಶ, ಅಧಿಕ ಒತ್ತಡದ ಪಾತ್ರೆಗಳಲ್ಲಿದ್ದ ಜಲಜನಕ ಮತ್ತು ಆಮ್ಲಜನಕಗಳಿಂದ 180 ವಾಟ್ ವಿದ್ಯುತ್ ಉತ್ಪಾದಿಸಿತು. 180 ವಾಟ್ ಎಂದರೆ ಎರಡು ಮೂರು ಸೀಲಿಂಗ್ ಫ್ಯಾನಿಗೆ ಸಾಕಾಗುವಷ್ಟು. ಆದರೆ ಭೂಮಿಯನ್ನು ಸುತ್ತುತ್ತ ಅಷ್ಟು ಪಡೆಯುವುದರ ಹಿಂದೆ ಎಷ್ಟು ಸೀಲು, ಎಷ್ಟು ರೆಗ್ಯುಲೇಟರ್, ಎಷ್ಟು ಸೋರಿಕೆ ಪರೀಕ್ಷೆ ಇದ್ದಿರಬೇಕೆಂದು ನನ್ನಂಥವರಿಗೆ ಅರ್ಥವಾಗುತ್ತದೆ.

ಸೀಲು ಮತ್ತು ಬೋಲ್ಟಿನ ಮಾತು ಉತ್ಪ್ರೇಕ್ಷೆಯಲ್ಲ. ಗಾಂಗ್‌ನಂಗ್ ದುರಂತದ ಮೂರು ವಾರ ತುಂಬುವ ಮೊದಲೇ, 2019ರ ಜೂನ್ 10ರಂದು, ನಾರ್ವೆಯ ಆಸ್ಲೊ ಹತ್ತಿರದ ಸಾಂಡ್ವಿಕಾದಲ್ಲಿ ಜಲಜನಕ ತುಂಬುವ ಕೇಂದ್ರವೊಂದು ಸ್ಫೋಟಿಸಿತು. ಅದರ ಅಲೆಗೆ ಪಕ್ಕದ ರಸ್ತೆಯ ಕಾರಿನ ಏರ್‌ಬ್ಯಾಗುಗಳು ತಾವಾಗಿಯೇ ತೆರೆದುಕೊಂಡವು. ಪೊರೆ, ಕ್ಯಾಟಲಿಸ್ಟ್, ಕಂಪ್ಯೂಟರ್ ಯಾವುದೂ ಕೈಕೊಟ್ಟಿರಲಿಲ್ಲ. ಅಧಿಕ ಒತ್ತಡದ ತೊಟ್ಟಿಯ ಮುಚ್ಚಳದ ಒಳಗಿನ ಬೋಲ್ಟುಗಳನ್ನು ಜೋಡಿಸುವಾಗ ಸಾಕಷ್ಟು ಬಿಗಿದಿರಲಿಲ್ಲ, ಅಷ್ಟೇ. ಟಾರ್ಕ್ ಸ್ಪ್ಯಾನರ್ ಹಿಡಿದ ಒಬ್ಬ ಕೆಲಸಗಾರನ ಕೈಯಲ್ಲಿ, ಅವನ ಹಿಂದೆ ನಿಂತು ಗುರುತು ಹಾಕುವ ಇನ್ನೊಬ್ಬನ ಕಣ್ಣಿನಲ್ಲಿ ಇಡೀ ತಂತ್ರಜ್ಞಾನ ನಿಂತಿರುತ್ತದೆ. ನಮ್ಮ ಐಟಿಐಗಳಲ್ಲಿ ಫಿಟ್ಟರ್ ಕಲಿಯುವ ಹುಡುಗನಿಗೆ ಫ್ಲೇಂಜಿನ ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕೆಂದು ಹೇಳಿಕೊಡುತ್ತಾರೆ, ಸರಿ. ಹೀಲಿಯಂ ಹಾಕಿ ಸೋರಿಕೆ ಅಳೆಯುವುದನ್ನು, ಜಲಜನಕಕ್ಕೆ ಯಾವ ಉಕ್ಕು ಒಗ್ಗುತ್ತದೆ, ಯಾವುದು ಒಳಗೊಳಗೇ ಬಿರುಕು ಬಿಡುತ್ತದೆ ಎಂಬುದನ್ನು, ಆಮ್ಲಜನಕದ ಸಾಲಿಗೆ ಗ್ರೀಸಿನ ಬೆರಳು ಸೋಕಬಾರದೆಂಬುದನ್ನು ಕೈಯಿಂದ ಮಾಡಿಸಿ ಕಲಿಸುವ ಒಂದು ವರ್ಷದ ಕೋರ್ಸನ್ನು ರಾಜ್ಯ ಸರ್ಕಾರ ಈ ಹೂಡಿಕೆಗಳ ಜೊತೆಜೊತೆಗೇ ಆರಂಭಿಸಬೇಕು. ನಿವೃತ್ತರಾದ ಫಿಟ್ಟರುಗಳು, ಬಾಯ್ಲರ್ ಕೆಲಸ ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ; ಕರೆದರೆ ಬಂದು ಕಲಿಸುತ್ತಾರೆ. ನಾನಂತೂ ಬರುತ್ತೇನೆ.

ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ ತೆಗೆದಿಟ್ಟ ಮೊತ್ತ 19,744 ಕೋಟಿ ರೂಪಾಯಿ. ಜನರ ಹಣ ಸೇರುವ ಯಾವುದೇ ಘಟಕದ ಟೆಂಡರಿನಲ್ಲಿ ಒಂದು ಕಿಲೋ ಜಲಜನಕಕ್ಕೆ ಎಷ್ಟು ಯೂನಿಟ್ ಎಂದು ಕೇಳುವಾಗ, ಎಷ್ಟು ಬಾರಿನಲ್ಲಿ ಎಂಬುದನ್ನೂ ಅದೇ ಸಾಲಿನಲ್ಲಿ ಕೇಳಬೇಕು. ಸಿದ್ಧಾಂತದ ಕನಿಷ್ಠ 39.4 ಯೂನಿಟ್, ಇಂದಿನ ಯಂತ್ರಗಳು 50ರಿಂದ 55 ತೆಗೆದುಕೊಳ್ಳುತ್ತವೆ. ಒಬ್ಬರು ವಾತಾವರಣದ ಒತ್ತಡದಲ್ಲಿ 51 ಎಂದೂ, ಇನ್ನೊಬ್ಬರು 30 ಬಾರಿನಲ್ಲಿ 52 ಎಂದೂ ಬರೆದುಕೊಟ್ಟರೆ ಎರಡನೆಯವರದೇ ಅಗ್ಗ. ಆದರೆ ಬರಿಯ ಅಂಕಿ ನೋಡಿ ತೂಗುವವರು ಮೊದಲಿನವರನ್ನು ಆರಿಸಿಬಿಡುತ್ತಾರೆ. ಪೂರ್ಣ ಭಾರದಲ್ಲಿ ಮಾತ್ರವಲ್ಲದೆ ಹತ್ತನೇ ಒಂದು ಭಾಗದ ಭಾರದಲ್ಲೂ, ಪೂರ್ಣ ಒತ್ತಡದಲ್ಲಿ, ಕೆಲವು ಗಂಟೆಗಳ ಕಾಲ ಯಂತ್ರವನ್ನು ನಡೆಸಿ ಶುದ್ಧತೆಯನ್ನು ಮೂರನೆಯವರ ಎದುರಿನಲ್ಲಿ ಅಳೆದು ದಾಖಲಿಸಬೇಕು. ಅಷ್ಟು ಕೆಳಗೆ ನಡೆಸಲು ಬಾರದ ಯಂತ್ರವಾದರೆ ಎಷ್ಟು ಭಾರಕ್ಕೆ ತಾನಾಗಿ ನಿಲ್ಲುತ್ತದೆಂದು ಬರೆಸಿಕೊಳ್ಳಬೇಕು.

ಪತ್ರಿಕೆಗಳಿಂದ ನಾನು ಬೇಡುವುದು ಇದಕ್ಕಿಂತ ಸಣ್ಣದು. ಮುಂದಿನ ಬಾರಿ ಇಂಥ ಘಟಕವೊಂದರ ಶಂಕುಸ್ಥಾಪನೆಗೆ ತಮ್ಮ ವರದಿಗಾರರು ಹೋದಾಗ ಎರಡು ಪ್ರಶ್ನೆ ಕೇಳಲಿ: ಅನಿಲ ಹೊರಬರುವುದು ಎಷ್ಟು ಬಾರಿನಲ್ಲಿ? ಸಂಜೆ ಐದೂವರೆಗೆ ಆಮ್ಲಜನಕದ ಪೈಪಿನಲ್ಲಿ ಜಲಜನಕ ನೂರಕ್ಕೆ ಎಷ್ಟು? ಉತ್ತರ ಸಿಕ್ಕರೆ ಆ ಎರಡು ಅಂಕಿಗಳನ್ನು ಮೆಗಾವಾಟಿನ ಪಕ್ಕದಲ್ಲೇ ಅಚ್ಚು ಹಾಕಿ. ಸಿಗದಿದ್ದರೆ 'ಕಂಪನಿ ತಿಳಿಸಲಿಲ್ಲ' ಎಂಬ ಎರಡು ಪದಗಳನ್ನು ಅದೇ ಜಾಗದಲ್ಲಿ ಅಚ್ಚು ಹಾಕಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನಿರ್ವಹಣಾ ಎಂಜಿನಿಯರ್
ದಾವಣಗೆರೆ